ಸೈಕಾಲಜಿ ಓದು ನಮ್ಮ ಹಳ್ಳಿ ಕಡೆ ಬಂದ ದಾರಿ

ಪಿಯುಸಿ ಮುಗಿಸಿದ ಹುಡುಗಿ ತಾಲ್ಲೂಕಿನ ಕಾಲೇಜಲ್ಲಿ ಬಿ.ಎ.ಗೆ ಸೈಕಾಲಜಿ ತಗೊಳ್ತೀನಿ ಅಂದರೆ ಮನೆಯಲ್ಲಿ ಎರಡು ಪ್ರಶ್ನೆ ಏಳುತ್ತವೆ. “ಅದನ್ನ ಓದಿದ್ರೆ ಏನ್ ಕೆಲಸ ಸಿಗುತ್ತೆ?”, “ಹುಚ್ಚಾಸ್ಪತ್ರೆ ಡಾಕ್ಟ್ರು ಆಗ್ತೀಯೇನೇ?” ಎರಡಕ್ಕೂ ಉತ್ತರ ಇದೆ. ಅದಕ್ಕೆ ಮುಂಚೆ ಈ ಓದು ನಮ್ಮ ನಾಡಿಗೆ ಹೇಗೆ ಬಂತು ಅನ್ನೋದನ್ನ ನೋಡೋಣ. ಇದು ನೂರು ವರ್ಷದ ಕಥೆ.

ಮನಸ್ಸನ್ನೂ ಪ್ರಯೋಗ ಮಾಡಿ ತಿಳಿಯಬಹುದು ಅಂತ 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ ಪ್ರಯೋಗಾಲಯ ತೆರೆದರು. ನಮ್ಮ ದೇಶಕ್ಕೆ ಅದು ಮೊದಲು ಬಂದದ್ದು ಕಲ್ಕತ್ತಾಕ್ಕೆ. ಅಲ್ಲಿನ ವಿಶ್ವವಿದ್ಯಾಲಯಕ್ಕೆ 1905ರಲ್ಲಿ ಈ ವಿಷಯದ ಪಠ್ಯಕ್ರಮ ಬರೆದುಕೊಟ್ಟವರು ಬ್ರಜೇಂದ್ರನಾಥ ಸೀಲ್. 1916ರಲ್ಲಿ ಅಲ್ಲಿ ಮನಶ್ಶಾಸ್ತ್ರ ವಿಭಾಗವೇ ಶುರುವಾಯಿತು. ಅದೇ ವರ್ಷ ಮೈಸೂರು ವಿಶ್ವವಿದ್ಯಾಲಯವೂ ಹುಟ್ಟಿತು. ಕೆಲವು ವರ್ಷಗಳ ನಂತರ ಅದೇ ಸೀಲ್ ಮೈಸೂರಿಗೆ ಕುಲಪತಿಯಾಗಿ ಬಂದರು.

ಅವರ ಕಾಲದಲ್ಲೇ, 1924ರಲ್ಲಿ, ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ತೆರೆಯಿತು. ಅದನ್ನು ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಕೈಕೆಳಗೆ ಓದಿ ಬಂದವರು. ನೆನಪು, ಗಮನ, ಕಲಿಕೆ ಇವನ್ನೆಲ್ಲ ಅಳೆದು ನೋಡುವ ಓದು ಅದು.

ಗೋಪಾಲಸ್ವಾಮಿಯವರ ಹೆಸರನ್ನು ನೀವು ಬೇರೆ ಕಾರಣಕ್ಕೆ ಕೇಳಿರಬಹುದು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರುಮಾಡಿದವರು ಇವರೇ. ಅದರ ಹೆಸರು ‘ಆಕಾಶವಾಣಿ’. ಮುಂದೆ ಇಡೀ ದೇಶದ ರೇಡಿಯೋಗೆ ಆ ಹೆಸರೇ ನಿಂತಿತು. ಕಾಲೇಜಿನ ಮೆಟ್ಟಿಲು ಹತ್ತದವರಿಗೂ ನಾಲ್ಕು ಒಳ್ಳೆ ಮಾತು ತಲುಪಿಸೋ ದಾರಿ ತೆರೆದವರು ಒಬ್ಬ ಸೈಕಾಲಜಿ ಮೇಷ್ಟ್ರು ಅನ್ನೋದನ್ನ ನಾವು ಮರೆತಿದ್ದೇವೆ.

ಮುಂಬೈ ಕರ್ನಾಟಕದ ಕಡೆ ಇನ್ನೊಂದು ಕೆಲಸ ನಡೆದಿತ್ತು. ಮಕ್ಕಳ ಬುದ್ಧಿ ಅಳೆಯುವ ಬಿನೆ ಪರೀಕ್ಷೆ ಹುಟ್ಟಿದ್ದು ಪ್ಯಾರಿಸ್ಸಿನ ಮಕ್ಕಳಿಗಾಗಿ. ಅದೇ ಪ್ರಶ್ನೆಗಳನ್ನು ನಮ್ಮ ಮಕ್ಕಳಿಗೆ ಕೇಳಿ “ದಡ್ಡ” ಅಂದುಬಿಟ್ಟರೆ ನ್ಯಾಯವೇ? ವಿ.ವಿ. ಕಾಮತ್ ಅದನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದುವಂತೆ ತಿದ್ದಿದರು. 1940ರಲ್ಲಿ ಅದರ ಪುಸ್ತಕ ಬಂತು.

ಆಮೇಲೆ ಕಥೆ ಬೆಂಗಳೂರಿಗೆ ಬರುತ್ತದೆ. ಅಲ್ಲಿನ ಮಾನಸಿಕ ಆಸ್ಪತ್ರೆಯ ಜೊತೆಗೆ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ತೆರೆಯಿತು. ಮರುವರ್ಷವೇ ಸೈಕಾಲಜಿ ಓದಿದವರಿಗೆ ಆಸ್ಪತ್ರೆಯಲ್ಲಿ ಕೆಲಸ ಮಾಡುವ ತರಬೇತಿ ಕೊಡುವ ಡಿಪ್ಲೊಮಾ ಶುರುವಾಯಿತು. 1974ರಲ್ಲಿ ಆಸ್ಪತ್ರೆ, ಸಂಸ್ಥೆ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಕನ್ನಡದಲ್ಲೂ ಪುಸ್ತಕಗಳು ಬಂದವು. ‘ಕೊರವಂಜಿ’ ಪತ್ರಿಕೆ ನಡೆಸಿ ನಾಡನ್ನು ನಗಿಸಿದ ಡಾ. ಎಂ. ಶಿವರಾಂ, ನಮ್ಮ ‘ರಾಶಿ’, ಮನಸ್ಸಿನ ಬಗ್ಗೆ ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿತು.

ಆದರೂ ಹಳ್ಳಿಯವರಿಗೆ ಬೆಂಗಳೂರು ದೂರವೇ. ಬಸ್ ಚಾರ್ಜು, ಒಂದು ದಿನದ ಕೂಲಿ, ಜೊತೆಗೆ ಬರೋರು ಯಾರು, ಊರವರು ಏನಂದಾರು ಅನ್ನೋ ಭಯ. ಇದನ್ನು ಅರಿತ ನಿಮ್ಹಾನ್ಸ್‌ನವರು 1970ರ ದಶಕದಲ್ಲೇ ಆನೇಕಲ್ ತಾಲ್ಲೂಕಿನ ಸಕಲವಾರದಲ್ಲಿ ಕೇಂದ್ರ ಮಾಡಿ ಸುತ್ತಲ ಹಳ್ಳಿಗಳಲ್ಲಿ ಕೆಲಸ ಶುರುಮಾಡಿದರು. 1980ರ ದಶಕದಲ್ಲಿ ಇಡೀ ಬಳ್ಳಾರಿ ಜಿಲ್ಲೆಯಲ್ಲೇ ಇದನ್ನು ಮಾಡಿ ನೋಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರು ಇವರಿಗೇ ಮಾನಸಿಕ ಕಾಯಿಲೆ ಗುರುತಿಸೋದನ್ನ ಕಲಿಸಿದರು. ಮಾತ್ರೆ ಹತ್ತಿರದಲ್ಲೇ ಸಿಗುವಂತಾಯಿತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಶುರುವಾದಾಗ ಅದಕ್ಕೆ ಮಾದರಿ ನಮ್ಮ ಬಳ್ಳಾರಿಯೇ.

ಈ ನೂರು ವರ್ಷದಲ್ಲಿ ಸೈಕಾಲಜಿ ಜನರಿಗೆ ಉಪಯೋಗಕ್ಕೆ ಬಂದದ್ದು ಅದು ಜನರ ಹತ್ತಿರಕ್ಕೆ, ಜನರ ಭಾಷೆಗೆ ಬಂದಾಗಲೇ. ತಾಲ್ಲೂಕು ಕಾಲೇಜಿನ ತರಗತಿ ಅದೇ ದಾರಿಯ ಮುಂದಿನ ಹೆಜ್ಜೆ.

ಈಗ ಮನೆಯವರ ಪ್ರಶ್ನೆಗೆ ಬರೋಣ. ಮಾತ್ರೆ ಬರೆಯುವ ಮನೋವೈದ್ಯರು ಆಗಬೇಕಾದರೆ ಎಂಬಿಬಿಎಸ್ ಓದಲೇಬೇಕು. ಸೈಕಾಲಜಿ ದಾರಿ ಬೇರೆ. ಬಿ.ಎ. ಮುಗಿದ ಕೂಡಲೇ ‘ಕ್ಲಿನಿಕಲ್ ಸೈಕಾಲಜಿಸ್ಟ್’ ಅಂತ ಬೋರ್ಡು ಹಾಕುವಂತಿಲ್ಲ. ಅದಕ್ಕೆ ಮುಂದೆ ಓದಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಆಗಬೇಕು. ಸೇರುವ ಮೊದಲೇ ಇದನ್ನು ತಿಳಿದಿರಲಿ, ಯಾರೋ ಹೇಳಿದ ಸುಳ್ಳು ಆಸೆಗೆ ದುಡ್ಡು ಕಟ್ಟಬೇಡಿ. ಹಾಗಂತ ಮೂರು ವರ್ಷದ ಓದು ದಂಡವೂ ಅಲ್ಲ. ಟೀಚರ್ ಆಗಲಿ, ಸಮಾಜಕಾರ್ಯಕ್ಕೆ ಹೋಗಲಿ, ಅಂಗನವಾಡಿಯಲ್ಲಿ ಕೆಲಸ ಮಾಡಲಿ, ಅದು ಕೈ ಹಿಡಿಯುತ್ತದೆ. ಊರಲ್ಲಿ ಯಾರೋ ವಾರಗಟ್ಟಲೆ ನಿದ್ದೆ ಬಿಟ್ಟು ತಮ್ಮಷ್ಟಕ್ಕೇ ಮಾತಾಡುತ್ತಿದ್ದರೆ “ಗಾಳಿ ಸೋಕಿದೆ, ತಾಯತ ಕಟ್ಟಿಸಿ” ಅನ್ನುವವರೇ ಜಾಸ್ತಿ. “ಇದು ಕಾಯಿಲೆ ಇರಬಹುದು, ಆಸ್ಪತ್ರೆಗೆ ಕರ್ಕೊಂಡು ಹೋಗೋಣ” ಅನ್ನಲು ಬೀದಿಯಲ್ಲಿ ಓದಿದವರು ಒಬ್ಬರಾದರೂ ಬೇಕು.

ಚಿಕಿತ್ಸೆ ಕೇಳೋದು ಹಕ್ಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ನಿಮಗೋ ಮನೆಯವರಿಗೋ ಮನಸ್ಸಿಗೆ ಕಷ್ಟವಾಗಿದ್ದರೆ 14416ಕ್ಕೆ ಕರೆ ಮಾಡಿ. ಇದು ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಂಬರನ್ನು ಫೋನಿನಲ್ಲಿ ಸೇವ್ ಮಾಡಿಕೊಳ್ಳಿ, ಮನೆಯವರಿಗೂ ಹೇಳಿ.