ಇಟಾಲಿಯನ್ನಿನ ಒಡಹುಟ್ಟುಗಳು

1861ರಲ್ಲಿ ಇಟಲಿ ಒಂದೇ ರಾಜ್ಯವೆಂದು ಘೋಷಿತವಾದಾಗ ಅದರ ಜನಸಂಖ್ಯೆ ಸುಮಾರು ಎರಡು ಕೋಟಿ ಇಪ್ಪತ್ತು ಲಕ್ಷ. ಅವರಲ್ಲಿ ಇಟಾಲಿಯನ್ ಬಲ್ಲವರು ನೂರಕ್ಕೆ ಎರಡೂವರೆ ಮಂದಿ ಮಾತ್ರ ಎಂದು ಭಾಷಾವಿಜ್ಞಾನಿ ತುಲ್ಲಿಯೊ ದೆ ಮೌರೊ 1963ರ ತಮ್ಮ ಗ್ರಂಥದಲ್ಲಿ ಲೆಕ್ಕ ಹಾಕಿದರು. ಇನ್ನೊಬ್ಬ ವಿದ್ವಾಂಸ ಅರ್ರಿಗೊ ಕಾಸ್ತೆಲ್ಲಾನಿ ಇದನ್ನೊಪ್ಪದೆ ಲೆಕ್ಕವನ್ನು ನೂರಕ್ಕೆ ಹತ್ತರ ಸಮೀಪಕ್ಕೆ ಏರಿಸಿದರು. ಹತ್ತನ್ನೇ ಹಿಡಿದರೂ, ಹತ್ತರಲ್ಲಿ ಒಂಬತ್ತು ಪ್ರಜೆಗಳಿಗೆ ತಮ್ಮ ದೇಶದ ಭಾಷೆ ಬರುತ್ತಿರಲಿಲ್ಲ. ಸಿಂಹಾಸನವೇರಿದ ಎರಡನೆಯ ವಿತ್ತೋರಿಯೊ ಎಮಾನುವೆಲೆಯ ಆಡುನುಡಿ ಪಿಯೆಮೊಂಟಿನದು. ಪ್ರಧಾನಿ ಕಾವೂರನಿಗೆ ಫ್ರೆಂಚೇ ಹೆಚ್ಚು ಸಲೀಸು.

ಉಳಿದವರು ಆಡುತ್ತಿದ್ದುದೇನು? ಇಂಗ್ಲಿಷ್ ಪುಸ್ತಕಗಳು ‘ಡಯಲೆಕ್ಟ್’ ಎನ್ನುತ್ತವೆ. ನಾವು ‘ಉಪಭಾಷೆ’ ಎಂದು ಅನುವಾದಿಸಿಕೊಂಡು ಮುಂದೆ ಸಾಗುತ್ತೇವೆ. ನಾವು ಎಡವುವುದು ಇಲ್ಲಿಯೇ. ಉಪಭಾಷೆ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಧಾರವಾಡದ ಕನ್ನಡ, ಕುಂದಾಪುರದ ಕನ್ನಡ. ನೇಪಲ್ಸಿನ, ಸಿಸಿಲಿಯ, ವೆನಿಸಿನ ನುಡಿಗಳು ಆ ಬಗೆಯವಲ್ಲ. ಅವು ಇಟಾಲಿಯನ್ನಿನಿಂದ ಕವಲೊಡೆದವಲ್ಲ, ಲ್ಯಾಟಿನ್ ತಾಯಿಯಿಂದ ನೇರವಾಗಿ ಜನಿಸಿದವು. ಮುಂದೆ ಇಟಾಲಿಯನ್ ಎನಿಸಿಕೊಂಡ ಫ್ಲಾರೆನ್ಸಿನ ನುಡಿಯೂ ಅವುಗಳ ಒಡಹುಟ್ಟೇ, ಹಿರಿಯಕ್ಕನೇನೂ ಅಲ್ಲ. ಇಟಲಿಯ ಜನನುಡಿಯ ಅತ್ಯಂತ ಹಳೆಯ ದಾಖಲೆಗಳಲ್ಲೊಂದೆಂದು ಹೆಸರಾದ 960ರ ವಾಕ್ಯ ದಕ್ಷಿಣದ ಕಾಪುವಾದ್ದು: ಮಠವೊಂದರ ಜಮೀನಿನ ವ್ಯಾಜ್ಯದಲ್ಲಿ ಸಾಕ್ಷಿ ನುಡಿದ ಮಾತು. ಕಡತಗಳ ನಡುವೆಯೇ ದಿನ ಕಳೆಯುವ ನಮ್ಮಂಥವರಿಗೆ, ಭಾಷೆಯೊಂದರ ಜನ್ಮಪತ್ರ ಜಮೀನಿನ ಕಡತದಲ್ಲಿ ದೊರೆಯಿತೆಂಬುದು ಸಣ್ಣ ಸಮಾಧಾನ.

ಹದಿನಾಲ್ಕನೆಯ ಶತಮಾನದ ಮೊದಲ ವರ್ಷಗಳಲ್ಲಿ ದಾಂತೆ ಜನನುಡಿಯ ಹಿರಿಮೆಯನ್ನು ಕುರಿತು, ಲ್ಯಾಟಿನ್ನಿನಲ್ಲಿಯೇ, ಗ್ರಂಥವೊಂದನ್ನು ತೊಡಗಿ ಅರ್ಧಕ್ಕೆ ಬಿಟ್ಟ. ಅಪೆನೈನ್ ಪರ್ವತಸಾಲಿನ ಎರಡೂ ಮಗ್ಗುಲಲ್ಲಿ ಕನಿಷ್ಠ 14 ನುಡಿಗಳನ್ನೆಣಿಸಿ, ತನ್ನ ತಸ್ಕನಿಯದನ್ನೂ ಬಿಡದೆ, ಯಾವುದೂ ಉನ್ನತ ಕಾವ್ಯಕ್ಕೆ ಸಾಲದೆಂದ. ಬಳಿಕ ಅವನದೇ ‘ಡಿವೈನ್ ಕಾಮಿಡಿ’ ತಸ್ಕನಿಯ ನುಡಿಗೆ ಪಟ್ಟ ಕಟ್ಟಿತು. ಪಟ್ಟಕ್ಕೆ ಶಾಸ್ತ್ರ ಒದಗಿಸಿದವನಾದರೋ ವೆನಿಸಿನವನು. 1525ರಲ್ಲಿ ಪಿಯೆತ್ರೊ ಬೆಂಬೊ, ಪದ್ಯಕ್ಕೆ ಪೆತ್ರಾರ್ಕ, ಗದ್ಯಕ್ಕೆ ಬೊಕಾಚ್ಚೊ ಎಂದು ಒಂದೂವರೆ ಶತಮಾನ ಹಿಂದಿನ ಬರಹವನ್ನೇ ಮಾದರಿಯಾಗಿಸಿದ. ಫ್ಲಾರೆನ್ಸಿನ ಕ್ರುಸ್ಕಾ ಅಕಾಡೆಮಿ 1612ರಲ್ಲಿ ನಿಘಂಟು ಹೊರತಂದಿತು. ಕ್ರುಸ್ಕಾ ಎಂದರೆ ಹಿಟ್ಟು ಜರಡಿಯಾಡುವಾಗ ಬೇರ್ಪಡುವ ಬೂಸಾ. (ಕನ್ನಡ ಸಾಹಿತ್ಯದಲ್ಲಿ ಆ ಪದಕ್ಕೆ ಬೇರೆಯೇ ಚರಿತ್ರೆಯಿದೆ, ಇರಲಿ.) ಅಂಥ ಬೂಸಾದ ಪಾಲಿಗೆ ಸೇರಿದ ನೇಪಲ್ಸಿನ ನುಡಿಯಲ್ಲಿಯೇ ಜಂಬಾತಿಸ್ತಾ ಬಜೀಲೆಯ ಕಥಾಸಂಗ್ರಹ 1634-36ರಲ್ಲಿ ಅಚ್ಚಾಯಿತು, ಸಿಂಡರೆಲ್ಲಾ ಕಥೆ ಫ್ರಾನ್ಸಿನ ಪೆರೋಗಿಂತ ಮೊದಲೇ ಅದರಲ್ಲಿದೆ. ವೆನಿಸಿನಲ್ಲಿ ಗೊಲ್ದೋನಿ, ಮಿಲಾನಿನಲ್ಲಿ ಕಾರ್ಲೊ ಪೋರ್ತಾ, ರೋಮಿನಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಸಾನೆಟ್ಟುಗಳನ್ನು ಬರೆದ ಬೆಲ್ಲಿ: ಇಂಥವರನ್ನು ಹಡೆದ ನುಡಿಗಳನ್ನು ‘ಉಪ’ ಎನ್ನಲು ನಮಗೆ ನಾಲಗೆ ಏಳದು.

ರಾಜ್ಯ ಒಂದಾದ ಮೇಲೆ ಭಾಷೆಯನ್ನು ಒಂದಾಗಿಸುವ ಹೊಣೆ ಕಾದಂಬರಿಕಾರ ಮಾನ್ಜೋನಿಯ ಹೆಗಲಿಗೆ ಬಿತ್ತು. ಮಿಲಾನಿನವನಾದ ಆತ ತನ್ನ ಕಾದಂಬರಿಯನ್ನೇ ಫ್ಲಾರೆನ್ಸಿನ ಆಡುಮಾತಿಗೆ ಹೊಂದುವಂತೆ ತಿದ್ದಿ ಬರೆದಿದ್ದವನು. 1868ರಲ್ಲಿ ಸಚಿವರಿಗೆ ಸಲ್ಲಿಸಿದ ವರದಿಯಲ್ಲಿ ಅದೇ ನುಡಿಯನ್ನು ಶಾಲೆಗಳ ಮೂಲಕ ಹರಡಬೇಕೆಂದ. 1873ರಲ್ಲಿ ಅಸ್ಕೋಲಿ ಎಂಬ ಭಾಷಾಶಾಸ್ತ್ರಜ್ಞ ಇದನ್ನು ಅಲ್ಲಗಳೆದ: ಮೇಲಿನಿಂದ ಹೇರಿದರೆ ಭಾಷೆ ಬೆಳೆಯದು, ವಿದ್ಯೆ ಹರಡಿ ಜನ ಬೆರೆತರೆ ತಾನಾಗಿ ಮೂಡುತ್ತದೆ ಎಂಬುದು ಅವನ ವಾದ. ನಮಗೆ ಅಸ್ಕೋಲಿಯೇ ಸರಿಯೆನಿಸುತ್ತಾನೆ. ಫ್ಯಾಸಿಸ್ಟರು ಪ್ರಾಂತೀಯ ನುಡಿಗಳನ್ನು ಹತ್ತಿಕ್ಕಲು ಯತ್ನಿಸಿದರೂ ಅವು ಅಳಿಯಲಿಲ್ಲ. ಅವನ್ನು ಸಡಿಲಿಸಿದ್ದು ದಕ್ಷಿಣದವರು ತೂರಿನ್, ಮಿಲಾನಿನ ಕಾರ್ಖಾನೆಗಳಿಗೆ ವಲಸೆ ಹೋದದ್ದು, ಮತ್ತು 1954ರಲ್ಲಿ ಆರಂಭವಾದ ದೂರದರ್ಶನ. 1960ರಿಂದ 1968ರವರೆಗೆ ಆಲ್ಬೆರ್ತೊ ಮಾಂಜಿ ಎಂಬ ಶಾಲಾಮೇಷ್ಟರು ಕಿರುತೆರೆಯಲ್ಲಿ ವಯಸ್ಕರಿಗೆ ಅಕ್ಷರ ಕಲಿಸಿದರು.

1999ರ 482ನೆಯ ಕಾನೂನು 12 ಅಲ್ಪಸಂಖ್ಯಾತ ಭಾಷೆಗಳಿಗೆ ರಕ್ಷಣೆಯಿತ್ತಿತು. ಸಾರ್ದಿನಿಯಾದ ನುಡಿ, ಫ್ರಿಯುಲಿಯ ನುಡಿ, ದಕ್ಷಿಣದ ಹಳ್ಳಿಗಳ ಗ್ರೀಕ್ ಮತ್ತು ಅಲ್ಬೇನಿಯನ್ ಅದರಲ್ಲಿವೆ. ನೇಪಲ್ಸಿನದಿಲ್ಲ, ಸಿಸಿಲಿಯದಿಲ್ಲ, ವೆನಿಸಿನದಿಲ್ಲ. ‘ಓ ಸೋಲೆ ಮಿಯೊ’ ಹಾಡನ್ನು ಇಟಾಲಿಯನ್ ಎಂದು ಲೋಕವೆಲ್ಲ ಹಾಡುತ್ತದೆ. 1898ರ ಆ ಹಾಡು ನೇಪಲ್ಸಿನ ನುಡಿಯದು. ‘ಚಾವ್’ ಎಂಬ ವಿದಾಯದ ಮಾತು ಹುಟ್ಟಿದ್ದೂ ವೆನಿಸಿನಲ್ಲಿ, ‘ನಿಮ್ಮ ದಾಸ’ ಎಂಬರ್ಥದಲ್ಲಿ.

ನುಡಿಗಳು ಸೊರಗಿದ್ದು ಮಾತ್ರ ಕಾನೂನಿನಿಂದಲ್ಲ, ಅಡುಗೆಮನೆಯಲ್ಲಿ. ತಮ್ಮೊಳಗೆ ಊರನುಡಿಯಾಡುತ್ತಿದ್ದ ತಂದೆತಾಯಿಯರು, ಶಾಲೆಯಲ್ಲಿ ಮಕ್ಕಳು ಹಿಂದುಳಿದಾರೆಂಬ ಅಂಜಿಕೆಯಿಂದ, ಅವರೊಡನೆ ಇಟಾಲಿಯನ್ನಿಗೆ ತಿರುಗಿದರು. ಪುಣೆಯಲ್ಲೋ ದೆಹಲಿಯಲ್ಲೋ ಗಂಡಹೆಂಡಿರು ಕನ್ನಡದಲ್ಲಿ ಜಗಳವಾಡಿ, ಮಕ್ಕಳನ್ನು ಊಟಕ್ಕೆ ಕರೆಯುವಾಗ ಹಿಂದಿಗೋ ಇಂಗ್ಲಿಷಿಗೋ ಹೊರಳುವ ಮನೆಗಳಲ್ಲಿ ಬಾಳುವ ನಮಗೆ ಈ ಅಂಜಿಕೆಯನ್ನು ಯಾರೂ ವಿವರಿಸಬೇಕಿಲ್ಲ. ನಮ್ಮ ನುಡಿಗೆ ಹಿಂದಿರುಗಲು ಒಂದು ರಾಜ್ಯವಿದೆ. ನೇಪಲ್ಸಿನ ನುಡಿಗೆ ಅದರ ಬೀದಿಗಳಷ್ಟೇ. 2015ರ ಅಲ್ಲಿನ ಸರ್ಕಾರಿ ಸಮೀಕ್ಷೆಯಲ್ಲಿ, ಮನೆಯಲ್ಲಿ ಮುಖ್ಯವಾಗಿ ಊರನುಡಿಯನ್ನೇ ಆಡುತ್ತೇವೆ ಎಂದವರು ನೂರಕ್ಕೆ 14. ಎರಡನ್ನೂ ಬೆರೆಸಿ ಆಡುತ್ತೇವೆ ಎಂದವರು ಇನ್ನೂ 32 ಮಂದಿ ಇದ್ದರು.