ವೈದ್ಯಕೀಯದ ಬಾಗಿಲು ಮತ್ತು ಐಚ್ಛಿಕ ವಿಷಯಗಳು

ಪ್ರತಿ ವರ್ಷ ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದ ಕೂಡಲೇ ನಮ್ಮ ಊರುಗಳ ಮನೆಮನೆಗಳಲ್ಲಿ ‘ಮುಂದೇನು?’ ಎಂಬ ಚರ್ಚೆ ಆರಂಭವಾಗುತ್ತದೆ. ಮಗುವಿಗೆ ವೈದ್ಯನಾಗುವ ಹಂಬಲವಿದ್ದರೆ ಚರ್ಚೆ ಬೇಗ ಮುಗಿಯುತ್ತದೆ. ‘ಪಿ.ಸಿ.ಎಂ.ಬಿ. ಕೊಡಿಸಿ’ ಎಂದು ಸೋದರಮಾವನಿಂದ ಹಿಡಿದು ನೆರೆಮನೆಯವರವರೆಗೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ಎಂಬ ಈ ನಾಲ್ಕು ವಿಷಯಗಳ ಕಟ್ಟು ಸೂರ್ಯಚಂದ್ರರಷ್ಟೇ ಹಳೆಯದೆಂಬ ಭಾವನೆ ನಮ್ಮಲ್ಲಿದೆ. ವಾಸ್ತವವಾಗಿ ಅದು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಸಮಿತಿಗಳೂ ನ್ಯಾಯಾಲಯಗಳೂ ಕೈಗೊಂಡ ತೀರ್ಮಾನಗಳ ಫಲ. ಪ್ರತಿಯೊಂದು ತೀರ್ಮಾನವೂ ಕೆಲವರನ್ನು ಒಳಗೆ ಕರೆದಿದೆ, ಕೆಲವರನ್ನು ಹೊರಗೆ ನಿಲ್ಲಿಸಿದೆ. ಮೂರು ದಶಕಗಳಿಗೂ ಮೀರಿ ಪ್ರೌಢಶಾಲೆಯಲ್ಲಿ ಪಾಠ ಹೇಳಿದ ನನಗೆ ಈ ಇತಿಹಾಸ ವಿದ್ಯಾರ್ಥಿಗಳಿಗೂ ಪೋಷಕರಿಗೂ ತಿಳಿದಿರಬೇಕೆಂದು ಅನ್ನಿಸಿದೆ.

ಮೊದಲ ಕಾಲದಲ್ಲಿ ವೈದ್ಯನಾಗಬಯಸುವವನಿಂದ ವಿಜ್ಞಾನವನ್ನು ಯಾರೂ ಕೇಳುತ್ತಿರಲಿಲ್ಲ, ಕೇಳುತ್ತಿದ್ದುದು ಭಾಷೆಯನ್ನು. ಬ್ರಿಟನ್ನಿನಲ್ಲಿ 1858ರ ವೈದ್ಯಕೀಯ ಕಾಯಿದೆ ಬಂದ ಮೇಲೆ ರೂಪುಗೊಂಡ ಸಾಮಾನ್ಯ ಶಿಕ್ಷಣದ ಪೂರ್ವಭಾವಿ ಪರೀಕ್ಷೆಯಲ್ಲಿ ಲ್ಯಾಟಿನ್ ಕಡ್ಡಾಯ ವಿಷಯವಾಗಿತ್ತು. ಭಾರತದಲ್ಲಿ ಲ್ಯಾಟಿನ್ನಿನ ಸ್ಥಾನವನ್ನು ಇಂಗ್ಲಿಷ್ ಪಡೆಯಿತು. ಕಲ್ಕತ್ತೆಯಲ್ಲಿ 1822ರಿಂದ ದೇಶಭಾಷೆಗಳಲ್ಲಿ ವೈದ್ಯಕೀಯ ಬೋಧಿಸುತ್ತಿದ್ದ ಸಂಸ್ಥೆಯೊಂದನ್ನು 1835ರಲ್ಲಿ ಮುಚ್ಚಿ, ಅದೇ ವರ್ಷ ಇಂಗ್ಲಿಷಿನಲ್ಲಿ ಕಲಿಸುವ ಮೆಡಿಕಲ್ ಕಾಲೇಜನ್ನು ತೆರೆಯಲಾಯಿತು. ಪ್ರವೇಶ ಬಯಸುವ ಹುಡುಗನಿಗೆ ಇಂಗ್ಲಿಷ್ ಮತ್ತು ಬಂಗಾಳಿ, ಇಲ್ಲವೇ ಇಂಗ್ಲಿಷ್ ಮತ್ತು ಹಿಂದೂಸ್ತಾನಿ ಓದಿ ಬರೆಯಲು ಬಂದರೆ ಸಾಕಿತ್ತು. ಕಪ್ಪೆಯನ್ನು ಕೊಯ್ದು ನೋಡುವುದೂ, ಆಮ್ಲ ಪ್ರತ್ಯಾಮ್ಲಗಳನ್ನು ಅರಿಯುವುದೂ ಕಾಲೇಜು ಸೇರಿದ ನಂತರದ ಕೆಲಸವಾಗಿತ್ತು.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಕನ್ನಡ ಮಾತನಾಡುವ ಪ್ರದೇಶಗಳು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದವು. ವೈದ್ಯನಾಗುವ ದಾರಿಯೂ ಹುಟ್ಟಿದ ಊರಿಗೆ ತಕ್ಕಂತೆ ಬೇರೆಯಾಗುತ್ತಿತ್ತು. ಧಾರವಾಡದವನು ಮುಂಬಯಿಯ ಕಡೆಗೆ, ಮಂಗಳೂರಿನವನು ಮದರಾಸಿನ ಕಡೆಗೆ ನೋಡಬೇಕಾಗಿತ್ತು. ಮೈಸೂರು ಸಂಸ್ಥಾನದಲ್ಲಿ 1916ರಲ್ಲಿ ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಕಲಾ ವಿಷಯಗಳಿಗೆ ಮೈಸೂರಿನ ಮಹಾರಾಜಾ ಕಾಲೇಜು, ವಿಜ್ಞಾನಕ್ಕೆ ಬೆಂಗಳೂರಿನ ಸೆಂಟ್ರಲ್ ಕಾಲೇಜು ಎಂಬ ವ್ಯವಸ್ಥೆ ಇತ್ತು. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಸೂರು ಮೆಡಿಕಲ್ ಕಾಲೇಜು 1930ರಲ್ಲಿ ಮೈಸೂರಿಗೆ ಸ್ಥಳಾಂತರಗೊಂಡಿತು. ಇನ್ನು ಕಲಬುರಗಿ, ರಾಯಚೂರು, ಬೀದರ್ ಜಿಲ್ಲೆಗಳ ಕಥೆಯೇ ಬೇರೆ. ಅವು ನಿಜಾಮರ ಆಳ್ವಿಕೆಯಲ್ಲಿದ್ದವು. ಹೈದರಾಬಾದಿನಲ್ಲಿ 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬೋಧನಾ ಮಾಧ್ಯಮ ಉರ್ದು. ವೈದ್ಯಕೀಯವನ್ನೂ ಅಲ್ಲಿ ಉರ್ದುವಿನಲ್ಲೇ ಕಲಿಸಲಾಗುತ್ತಿತ್ತು. ಭಾರತೀಯ ಭಾಷೆಯೊಂದರಲ್ಲಿ ಆಧುನಿಕ ವೈದ್ಯಶಾಸ್ತ್ರವನ್ನು ಕಲಿಸಬಹುದೆಂಬುದಕ್ಕೆ ಇದು ಸಾಕ್ಷಿ. ಆದರೆ ರಾಯಚೂರಿನ ಕನ್ನಡ ಹುಡುಗನ ಮಟ್ಟಿಗೆ ಅದೂ ಪರಭಾಷೆಯೇ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಎಂಬ ಸ್ಥಿತಿಯಲ್ಲಿ ಅವನ ವಿಷಯದ ಆಯ್ಕೆ ಅಕ್ಷರಾಭ್ಯಾಸದ ದಿನವೇ ಆಗಿಹೋಗಿರುತ್ತಿತ್ತು.

ಆ ಕಾಲದಲ್ಲಿ ವೈದ್ಯವೃತ್ತಿಗೆ ಎರಡು ಬಾಗಿಲುಗಳಿದ್ದವೆಂಬುದನ್ನು ಇಂದು ನಾವು ಮರೆತಿದ್ದೇವೆ. ವಿಶ್ವವಿದ್ಯಾನಿಲಯದ ಪದವಿಗೆ ಇಂಟರ್‌ಮೀಡಿಯೆಟ್‌ನಲ್ಲಿ ವಿಜ್ಞಾನ ಓದಿರಬೇಕಾಗಿತ್ತು. ಆದರೆ ಎಲ್.ಎಂ.ಪಿ. ಎಂಬ ಲೈಸೆನ್ಸಿಯೇಟ್ ಶಿಕ್ಷಣಕ್ಕೆ ಮೆಟ್ರಿಕ್ಯುಲೇಷನ್ ಆದವರೂ ಸೇರಬಹುದಾಗಿತ್ತು. ಬಡ ಕುಟುಂಬದ, ಕಾಲೇಜಿಲ್ಲದ ಊರಿನ ಎಷ್ಟೋ ಮಂದಿ ಈ ಎರಡನೆಯ ಬಾಗಿಲಿನಿಂದ ಬಂದು ತಾಲ್ಲೂಕು ಕೇಂದ್ರಗಳಲ್ಲಿ, ಹಳ್ಳಿಗಳಲ್ಲಿ ‘ಡಾಕ್ಟರು’ ಎನಿಸಿಕೊಂಡರು. 1943ರಲ್ಲಿ ನೇಮಕಗೊಂಡು 1946ರಲ್ಲಿ ವರದಿ ನೀಡಿದ ಭೋರ್ ಸಮಿತಿಯ ಲೆಕ್ಕದಂತೆ ದೇಶದಲ್ಲಿದ್ದ ಸುಮಾರು 47,500 ವೈದ್ಯರಲ್ಲಿ 30,000ದಷ್ಟು ಮಂದಿ ಲೈಸೆನ್ಸಿಯೇಟರು. ಅಂದರೆ ಐವರಲ್ಲಿ ಮೂವರು. ಇಡೀ ದೇಶಕ್ಕೆ ಒಂದೇ ಮಟ್ಟದ ವೈದ್ಯಶಿಕ್ಷಣ ಇರಬೇಕೆಂದು ಸಮಿತಿಯು ಶಿಫಾರಸು ಮಾಡಿತು, ಎಲ್.ಎಂ.ಪಿ. ಶಾಲೆಗಳು ಸ್ವಾತಂತ್ರ್ಯದ ಬಳಿಕ ಕ್ರಮೇಣ ಮುಚ್ಚಿದವು, ಕೆಲವು ಕಾಲೇಜುಗಳಾದವು. ಗುಣಮಟ್ಟದ ದೃಷ್ಟಿಯಿಂದ ಆ ಶಿಫಾರಸನ್ನು ತಪ್ಪೆನ್ನಲಾಗದು. ಆದರೆ ವಿಜ್ಞಾನ ಕಲಿಸುವ ಕಾಲೇಜು ಹತ್ತಿರದಲ್ಲಿಲ್ಲದವನಿಗೆ ಇದ್ದೊಂದು ಕಿರುಬಾಗಿಲೂ ಮುಚ್ಚಿಹೋಯಿತು. ಶಾಲೆಯಲ್ಲಿ ಏನನ್ನು ಓದಿದೆ ಎಂಬ ಪ್ರಶ್ನೆಗೆ ಇಷ್ಟು ತೂಕ ಬಂದದ್ದು ಅಲ್ಲಿಂದಾಚೆಗೆ.

ಮುಂದಿನ ಹೆಜ್ಜೆ ಈ ಆಯ್ಕೆಯ ವಯಸ್ಸನ್ನೇ ಕೆಳಕ್ಕೆ ತಂದಿತು. 1952–53ರ ಮುದಲಿಯಾರ್ ಆಯೋಗವು ಇಂಟರ್‌ಮೀಡಿಯೆಟ್ ತರಗತಿಗಳನ್ನು ಕೈಬಿಡಬೇಕೆಂದೂ, ಪ್ರೌಢಶಾಲಾ ಹಂತದಲ್ಲೇ ವಿದ್ಯಾರ್ಥಿಯ ಅಭಿರುಚಿಗೆ ತಕ್ಕಂತೆ ಮಾನವಿಕ, ವಿಜ್ಞಾನ, ತಾಂತ್ರಿಕ, ವಾಣಿಜ್ಯ, ಕೃಷಿ, ಲಲಿತಕಲೆ, ಗೃಹವಿಜ್ಞಾನ ಎಂಬ ಏಳು ಗುಂಪುಗಳಲ್ಲಿ ಒಂದನ್ನು ಆರಿಸಿಕೊಳ್ಳುವಂತಿರಬೇಕೆಂದೂ ಹೇಳಿತು. ಉದ್ದೇಶ ಒಳ್ಳೆಯದೇ. ಎಲ್ಲ ಮಕ್ಕಳನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ಯಬಾರದೆಂಬುದು ಆಯೋಗದ ಕಳಕಳಿ. ಆದರೆ ಹದಿಮೂರು ಹದಿನಾಲ್ಕರ ವಯಸ್ಸಿನ ಮಗುವಿನ ಅಭಿರುಚಿಯನ್ನು ನಿಜವಾಗಿ ಗೊತ್ತುಮಾಡುತ್ತಿದ್ದುದು ಆ ಊರಿನ ಶಾಲೆಯಲ್ಲಿ ಯಾವ ಮೇಷ್ಟ್ರು ಇದ್ದಾರೆ, ಪ್ರಯೋಗಶಾಲೆ ಇದೆಯೇ ಎಂಬ ಸಂಗತಿಗಳೇ. ವಿಜ್ಞಾನದ ಐಚ್ಛಿಕ ವಿಷಯವೇ ಇಲ್ಲದ ಶಾಲೆಯಲ್ಲಿ ಓದಿದವನು ‘ನಾನು ಇತಿಹಾಸ ಆರಿಸಿಕೊಂಡೆ’ ಎಂದು ಹೇಳಿದರೆ ಅದನ್ನು ಆಯ್ಕೆ ಎನ್ನಬಹುದೇ?

ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಕಠಿಣವಾಗಿತ್ತು. ಹುಡುಗಿಯರಿಗೆ ಗೃಹವಿಜ್ಞಾನ, ಹುಡುಗರಿಗೆ ಗಣಿತ ಮತ್ತು ವಿಜ್ಞಾನ ಎಂಬ ಹಂಚಿಕೆಯನ್ನು ಬಹಳ ಮಂದಿ ಸಹಜವೆಂದೇ ಭಾವಿಸಿದ್ದರು. 1962ರಲ್ಲಿ ನೇಮಕಗೊಂಡ ಹಂಸಾ ಮೆಹ್ತಾ ಸಮಿತಿಯು ಈ ಭೇದವನ್ನು ಪರಿಶೀಲಿಸಿ, ಗಂಡು ಹೆಣ್ಣುಗಳಿಗೆ ಪ್ರತ್ಯೇಕ ಪಠ್ಯಕ್ರಮ ಸಲ್ಲದು ಎಂದು ಹೇಳಿತು. 1964–66ರ ಕೊಠಾರಿ ಆಯೋಗ ಆ ನಿಲುವನ್ನು ಎತ್ತಿಹಿಡಿದು ಒಂದು ಹೆಜ್ಜೆ ಮುಂದೆ ಹೋಯಿತು: ಮೊದಲ ಹತ್ತು ವರ್ಷ ಎಲ್ಲ ಮಕ್ಕಳಿಗೂ ಗಣಿತ ಮತ್ತು ವಿಜ್ಞಾನ ಕಡ್ಡಾಯವಾಗಿರಲಿ, ವಿಷಯಗಳ ಕವಲೊಡೆಯುವಿಕೆ ಹತ್ತನೆಯ ತರಗತಿಯ ನಂತರವೇ ಆಗಲಿ ಎಂದಿತು. ಇಂದು ಮೆಡಿಕಲ್ ಕಾಲೇಜುಗಳ ತರಗತಿಗಳಲ್ಲಿ ಹುಡುಗಿಯರು ದೊಡ್ಡ ಸಂಖ್ಯೆಯಲ್ಲಿ ಕಾಣುತ್ತಾರೆ. ಅದಕ್ಕೆ ಕಾರಣಗಳು ಹಲವಾದರೂ, ಎಂಟನೆಯ ತರಗತಿಯಲ್ಲಿ ಅವರ ಕೈಯಿಂದ ವಿಜ್ಞಾನದ ಪುಸ್ತಕವನ್ನು ಕಿತ್ತುಕೊಳ್ಳುವುದು ನಿಂತದ್ದು ಅವುಗಳಲ್ಲಿ ಮುಖ್ಯವಾದುದೆಂದು ನಾನು ತಿಳಿದಿದ್ದೇನೆ.

ನಮ್ಮ ರಾಜ್ಯದಲ್ಲಿ ಇಂಟರ್‌ಮೀಡಿಯೆಟ್ ಹೋಗಿ ಒಂದು ವರ್ಷದ ಪಿ.ಯು.ಸಿ. ಬಂತು. ವೈದ್ಯಕೀಯ ಬಯಸಿದವರು ಅದಾದ ಮೇಲೆ ಒಂದು ವರ್ಷದ ಪೂರ್ವ ವೃತ್ತಿಪರ ತರಗತಿಯನ್ನು ಓದುತ್ತಿದ್ದರು. 1970ರ ದಶಕದಲ್ಲಿ ಪಿ.ಯು.ಸಿ.ಯೇ ಎರಡು ವರ್ಷದ್ದಾಗಿ, ಎರಡು ಭಾಷೆ ಮತ್ತು ನಾಲ್ಕು ಐಚ್ಛಿಕ ವಿಷಯಗಳ ಈಗಿನ ಚೌಕಟ್ಟು ನೆಲೆಗೊಂಡಿತು. ಪಿ.ಸಿ.ಎಂ.ಬಿ. ಜನಪ್ರಿಯವಾದದ್ದು ಈ ಚೌಕಟ್ಟಿನಲ್ಲಿ. ವೈದ್ಯಕೀಯಕ್ಕೆ ಗಣಿತ ಬೇಡ, ಎಂಜಿನಿಯರಿಂಗಿಗೆ ಜೀವಶಾಸ್ತ್ರ ಬೇಡ. ಎರಡನ್ನೂ ಇಟ್ಟುಕೊಂಡರೆ ಎರಡು ಬಾಗಿಲೂ ತೆರೆದಿರುತ್ತವೆ ಎಂಬುದು ಮಧ್ಯಮವರ್ಗದ ಎಚ್ಚರಿಕೆಯ ಲೆಕ್ಕಾಚಾರ. ಆ ಎಚ್ಚರಿಕೆಯನ್ನು ಹಗುರವಾಗಿ ಕಾಣಬೇಕಿಲ್ಲ. ವೈದ್ಯಕೀಯ ಸೀಟು ದೊರೆಯದವರ ಸಂಖ್ಯೆ ದೊರೆತವರಿಗಿಂತ ಯಾವಾಗಲೂ ಬಹುಪಾಲು ಹೆಚ್ಚು.

ಬಹುಕಾಲ ಪಿ.ಯು.ಸಿ. ಅಂಕಗಳೇ ಸೀಟಿಗೆ ಆಧಾರವಾಗಿದ್ದವು. ಅಂಕ ಸಾಲದವರಿಗೆ ಹಣವಿದ್ದರೆ ಕ್ಯಾಪಿಟೇಷನ್ ದಾರಿಯಿತ್ತು. 1984ರಲ್ಲಿ ಕರ್ನಾಟಕ ಸರ್ಕಾರ ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸುವ ಕಾಯಿದೆ ತಂದಿತು. ಆದರೆ 1989ರ ಅಧಿಸೂಚನೆಯಂತೆ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಸೀಟುಗಳಲ್ಲಿ ಕರ್ನಾಟಕದವರಿಗೆ 25,000, ಹೊರರಾಜ್ಯದವರಿಗೆ 60,000 ಎಂಬ ದರಗಳಿದ್ದವು. ಉತ್ತರ ಪ್ರದೇಶದ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಇದನ್ನು ಪ್ರಶ್ನಿಸಿದಾಗ 1992ರಲ್ಲಿ ಸುಪ್ರೀಂ ಕೋರ್ಟು ಈ ಪದ್ಧತಿಯನ್ನು ಕಟುವಾಗಿ ಖಂಡಿಸಿತು. 1993ರ ಉನ್ನಿಕೃಷ್ಣನ್ ತೀರ್ಪು ಬಂದ ಮರುವರ್ಷವೇ, 1994ರಲ್ಲಿ, ನಮ್ಮಲ್ಲಿ ಸಿ.ಇ.ಟಿ. ಘಟಕ ಆರಂಭವಾಯಿತು. ಎಲ್ಲರೆದುರು ಶ್ರೇಯಾಂಕದ ಪ್ರಕಾರ ಸೀಟು ಹಂಚುವ ಆ ಪದ್ಧತಿಯಿಂದ ಶಿಕ್ಷಕರ, ಗುಮಾಸ್ತರ, ಸಣ್ಣ ಹಿಡುವಳಿದಾರರ ಮಕ್ಕಳು ವೈದ್ಯರಾದುದನ್ನು ನಮ್ಮ ಪೀಳಿಗೆ ಕಣ್ಣಾರೆ ಕಂಡಿದೆ. ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15, ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿಯೂ ಇದೆ. ಕನ್ನಡ ಶಾಲೆಗೆ ಮಗುವನ್ನು ಸೇರಿಸಲು ಅಂಜುವ ಪೋಷಕರು ಇದನ್ನು ಗಮನಿಸಬೇಕು.

ಅಖಿಲ ಭಾರತ ಮಟ್ಟದ ಪರೀಕ್ಷೆ 1988ರಲ್ಲೇ ಆರಂಭವಾಗಿತ್ತಾದರೂ ಅದು ಸರ್ಕಾರಿ ಕಾಲೇಜುಗಳ ಶೇ. 15ರಷ್ಟು ಸೀಟುಗಳಿಗೆ ಮಾತ್ರ ಸೀಮಿತವಾಗಿತ್ತು. ನೀಟ್ ಪರೀಕ್ಷೆ 2013ರಲ್ಲಿ ಮೊದಲ ಬಾರಿಗೆ ನಡೆದು, ಅದೇ ವರ್ಷ ಸುಪ್ರೀಂ ಕೋರ್ಟಿನಿಂದ ರದ್ದಾಗಿ, 2016ರಲ್ಲಿ ಮರಳಿ ಬಂತು. 2017ರಿಂದ ನಮ್ಮ ರಾಜ್ಯದ ವೈದ್ಯಕೀಯ ಸೀಟುಗಳಿಗೂ ಅದೇ ಏಕೈಕ ಪರೀಕ್ಷೆ. 720 ಅಂಕಗಳಲ್ಲಿ ಅರ್ಧದಷ್ಟು, ಅಂದರೆ 360, ಜೀವಶಾಸ್ತ್ರಕ್ಕೆ. ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರಗಳಿಗೆ ತಲಾ 180. ಗಣಿತಕ್ಕೆ ಒಂದು ಅಂಕವೂ ಇಲ್ಲ. ಹಾಗೆಂದು ಗಣಿತವನ್ನು ಪೂರ್ತಿ ದೂರವಿಟ್ಟ ವಿದ್ಯಾರ್ಥಿ ಭೌತಶಾಸ್ತ್ರದ ಲೆಕ್ಕಗಳ ಮುಂದೆ ತಡವರಿಸುತ್ತಾನೆ ಎಂಬುದು ಪಾಠ ಹೇಳಿದ ಯಾರಿಗೂ ತಿಳಿದ ಸಂಗತಿಯೇ. 2017ರಿಂದ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ದೊರೆಯುತ್ತಿದೆ. ಆದರೆ ನಮ್ಮ ಪಿ.ಯು. ಕಾಲೇಜುಗಳಲ್ಲಿ ವಿಜ್ಞಾನದ ಬೋಧನೆ ಬಹುತೇಕ ಇಂಗ್ಲಿಷಿನಲ್ಲೇ ನಡೆಯುವಾಗ, ಎರಡು ವರ್ಷ ಇಂಗ್ಲಿಷಿನಲ್ಲಿ ಕಲಿತದ್ದನ್ನು ಮೂರು ಗಂಟೆಯಲ್ಲಿ ಕನ್ನಡದಲ್ಲಿ ಬರೆಯುವ ಧೈರ್ಯ ಕೆಲವರಿಗಷ್ಟೇ ಬಂದೀತು.

ಭಾಷೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ವಿಜ್ಞಾನ ವಿದ್ಯಾರ್ಥಿಗಳಲ್ಲಿ ಹಲವರು ‘ಅಂಕ ಹೆಚ್ಚು ಬರುತ್ತದೆ’ ಎಂಬ ಒಂದೇ ಕಾರಣಕ್ಕೆ ಪಿ.ಯು.ಸಿ.ಯಲ್ಲಿ ಕನ್ನಡವನ್ನು ಬಿಟ್ಟು ಬೇರೊಂದು ಭಾಷೆಯನ್ನು ತೆಗೆದುಕೊಳ್ಳುತ್ತಾರೆ. ಆ ಭಾಷೆಯ ಮೇಲಿನ ಪ್ರೀತಿಯಿಂದ ಓದುವುದಾದರೆ ಸಂತೋಷವೇ. ಆದರೆ ವೈದ್ಯಕೀಯ ಶ್ರೇಯಾಂಕಕ್ಕೆ ಭಾಷೆಯ ಅಂಕ ಲೆಕ್ಕಕ್ಕೇ ಬರುವುದಿಲ್ಲ. ‘ಎದೆ ಹಿಡಿದ ಹಾಗಾಗುತ್ತೆ, ಕೈಕಾಲು ಜೋಮು’ ಎನ್ನುವ ರೋಗಿಯ ಮಾತನ್ನು ಅರ್ಥ ಮಾಡಿಕೊಳ್ಳಲು ಬೇಕಾದ ಭಾಷೆ ಮಾತ್ರ ವೃತ್ತಿಯುದ್ದಕ್ಕೂ ಲೆಕ್ಕಕ್ಕೆ ಬರುತ್ತದೆ. ‘ಕೊರವಂಜಿ’ಯನ್ನು ನಡೆಸಿದ ರಾಶಿಯವರು ವೃತ್ತಿಯಿಂದ ವೈದ್ಯರು, ‘ತಾಯಿ ಮಗು’ ಬರೆದು ಮನೆಮನೆಗೆ ತಿಳಿವಳಿಕೆ ಮುಟ್ಟಿಸಿದ ಅನುಪಮಾ ನಿರಂಜನರೂ ವೈದ್ಯೆ. ಅವರ ಕನ್ನಡ ಅವರ ವೈದ್ಯಕೀಯಕ್ಕೆ ಅಡ್ಡಬರಲಿಲ್ಲ, ನೆರವಾಯಿತು.

ಇತ್ತೀಚಿನ ಬದಲಾವಣೆಯೊಂದು ಬಹಳ ಮಂದಿಗೆ ತಿಳಿದಿಲ್ಲ. 2023ರ ನವೆಂಬರ್ 22ರಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊರಡಿಸಿದ ಪ್ರಕಟಣೆಯಂತೆ, ಹನ್ನೆರಡನೆಯ ತರಗತಿ ಪಾಸಾದ ಮೇಲೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಅಥವಾ ಜೈವಿಕ ತಂತ್ರಜ್ಞಾನ ಮತ್ತು ಇಂಗ್ಲಿಷನ್ನು ಮಾನ್ಯತೆ ಪಡೆದ ಮಂಡಲಿಯಿಂದ ಹೆಚ್ಚುವರಿ ವಿಷಯಗಳಾಗಿ ಪಾಸು ಮಾಡಿದವರೂ ನೀಟ್ ಬರೆಯಬಹುದು. ಹಿಂದಿನ ನಿಯಮದಂತೆ ಈ ವಿಷಯಗಳನ್ನು ಎರಡು ವರ್ಷ ನಿಯತವಾಗಿ ಓದಿರಬೇಕಾಗಿತ್ತು. ಅಂದರೆ ಹದಿನಾರರಲ್ಲಿ ಕಂಪ್ಯೂಟರ್ ವಿಜ್ಞಾನವನ್ನು ಆರಿಸಿಕೊಂಡು ಜೀವಶಾಸ್ತ್ರ ಬಿಟ್ಟ ಹುಡುಗಿಗೆ ಹತ್ತೊಂಬತ್ತರಲ್ಲಿ ಮನಸ್ಸು ಬದಲಾದರೆ, ಅವಳು ಆ ಒಂದು ವಿಷಯವನ್ನು ಓದಿಕೊಂಡು ಮರಳಿ ಬರಬಹುದು. ಎಲ್.ಎಂ.ಪಿ. ಶಾಲೆಗಳ ನಂತರ ಮೊದಲ ಬಾರಿಗೆ, ತಡವಾಗಿ ಬಂದವರಿಗೂ ಒಂದು ಕಿರುಬಾಗಿಲು ತೆರೆದಂತಾಗಿದೆ.

ಪೋಷಕರಲ್ಲಿ ನನ್ನ ವಿನಂತಿ ಇಷ್ಟೇ. ನಿಯಮಗಳನ್ನು ನೆರೆಯವರ ಬಾಯಿಯಿಂದ ಕೇಳದೆ ಆ ವರ್ಷದ ಅಧಿಕೃತ ಕೈಪಿಡಿಯಲ್ಲಿ ಓದಿ. ಸೇರಲಿರುವ ಕಾಲೇಜಿನಲ್ಲಿ ಜೀವಶಾಸ್ತ್ರಕ್ಕೆ ಕಾಯಂ ಉಪನ್ಯಾಸಕರಿದ್ದಾರೆಯೇ, ಪ್ರಯೋಗಶಾಲೆಯ ಬೀಗ ವರ್ಷಕ್ಕೆಷ್ಟು ಬಾರಿ ತೆಗೆಯುತ್ತಾರೆ ಎಂದು ವಿಚಾರಿಸಿ. ವಿಷಯಗಳ ಪಟ್ಟಿಯನ್ನು ದಿಲ್ಲಿಯಲ್ಲಿ ಎಷ್ಟು ಬಾರಿ ತಿದ್ದಿದರೂ, ಸೂಕ್ಷ್ಮದರ್ಶಕವನ್ನು ಮುಟ್ಟದೆ ದ್ವಿತೀಯ ಪಿ.ಯು.ಸಿ. ಮುಗಿಸುವ ಮಕ್ಕಳು ನಮ್ಮ ತಾಲ್ಲೂಕುಗಳಲ್ಲಿ ಇರುವವರೆಗೆ, ಆಯ್ಕೆ ಎಂಬ ಮಾತಿಗೆ ಎಲ್ಲ ಕಡೆಯೂ ಒಂದೇ ಅರ್ಥ ಬರುವುದಿಲ್ಲ.