ಲೆನ್ಸಿನ ಅಂಚಿನಲ್ಲಿ ಒಡೆದ ಹೆಸರು

ಹಳೆಯ ಜರ್ಮನ್ ಕ್ಯಾಮೆರಾಗಳ ಚರಿತ್ರೆಯನ್ನು ಹುಡುಕುವವರು ಮೊದಲು ಓದಬೇಕಾದದ್ದು ಲೆನ್ಸಿನ ಮುಂಭಾಗದ ಉಂಗುರವನ್ನು. ತಯಾರಕರ ಹೆಸರು, ಊರು, ಲೆನ್ಸಿನ ಹೆಸರು, ಕ್ರಮಸಂಖ್ಯೆ ಎಲ್ಲವೂ ಅಲ್ಲಿ ಕೆತ್ತಿರುತ್ತವೆ. ಆದರೆ ಎರಡನೆಯ ಮಹಾಯುದ್ಧದ ನಂತರದ ಕೆಲವು ಲೆನ್ಸುಗಳಲ್ಲಿ ‘ಕಾರ್ಲ್ ಝೈಸ್’ ಎಂಬ ಹೆಸರೇ ಇಲ್ಲ. ‘ಯೇನಾ ಊರಿನದು’ ಎಂಬರ್ಥದ ‘ಔಸ್ ಯೇನಾ’ ಎಂದಷ್ಟೇ ಇದೆ. ‘ಟೆಸ್ಸಾರ್’ ಎಂದಿರಬೇಕಾದ ಕಡೆ ‘ಟಿ’ ಎಂಬ ಒಂಟಿ ಅಕ್ಷರ. ಉಳಿದ ಅಕ್ಷರಗಳು ಎಲ್ಲಿ ಹೋದವು?

ಕಾರ್ಲ್ ಝೈಸ್ ಯೇನಾದಲ್ಲಿ ಕಾರ್ಯಾಗಾರ ತೆರೆದದ್ದು 1846ರಲ್ಲಿ. ಮುಂದೆ ಭೌತವಿಜ್ಞಾನಿ ಅರ್ನ್ಸ್ಟ್ ಅಬ್ಬೆಯ ಲೆಕ್ಕಾಚಾರವೂ ಒಟ್ಟೊ ಶಾಟ್‌ನ ಹೊಸ ಬಗೆಯ ಗಾಜೂ ಅದಕ್ಕೆ ಒದಗಿದವು. ಪೌಲ್ ರುಡಾಲ್ಫ್ 1902ರಲ್ಲಿ ನಾಲ್ಕು ಗಾಜುಗಳ ಟೆಸ್ಸಾರ್ ರೂಪಿಸಿದ. ಅಷ್ಟು ಹೊತ್ತಿಗೆ ಕಂಪನಿಯ ಒಡೆತನ ಯಾವ ಕುಟುಂಬದ ಕೈಯಲ್ಲೂ ಇರಲಿಲ್ಲ. ಅಬ್ಬೆ 1889ರಲ್ಲಿ ಸ್ಥಾಪಿಸಿದ್ದ ಪ್ರತಿಷ್ಠಾನದ್ದಾಗಿತ್ತು. ಮುಂದಿನ ಜಗಳಕ್ಕೆ ಇದೇ ಬೀಜ. ವ್ಯಕ್ತಿಗೆ ವಾರಸುದಾರರಿರುತ್ತಾರೆ, ಪ್ರತಿಷ್ಠಾನವಿರುವ ದೇಶವೇ ಎರಡಾದರೆ?

1945ರ ಏಪ್ರಿಲ್‌ನಲ್ಲಿ ಯೇನಾ ಅಮೆರಿಕದ ಸೇನೆಯ ವಶವಾಯಿತು. ಒಪ್ಪಂದದಂತೆ ಊರನ್ನು ಸೋವಿಯತ್ ಸೇನೆಗೆ ಬಿಟ್ಟುಕೊಡುವ ಮುನ್ನ ಅಮೆರಿಕನ್ನರು ಝೈಸ್‌ನ ಪ್ರಮುಖ ವಿಜ್ಞಾನಿಗಳನ್ನೂ ಆಡಳಿತಗಾರರನ್ನೂ ಪಶ್ಚಿಮಕ್ಕೆ ಸಾಗಿಸಿದರು. ಅವರಿಂದ ಓಬರ್‌ಕೋಹೆನ್‌ನಲ್ಲಿ ಹೊಸ ಝೈಸ್ ಹುಟ್ಟಿತು. 1946ರ ಅಕ್ಟೋಬರ್‌ನಲ್ಲಿ ಸೋವಿಯತ್ ಆಡಳಿತ ಯೇನಾದ ಯಂತ್ರಗಳ ಬಹುಭಾಗವನ್ನು ಕಳಚಿತು, ನೂರಾರು ತಜ್ಞರನ್ನು ತನ್ನ ದೇಶಕ್ಕೆ ಕರೆದೊಯ್ದಿತು. ಝೈಸ್ ಬಳಗದ ಕಾಂಟ್ಯಾಕ್ಸ್ ಕ್ಯಾಮೆರಾ ಉಕ್ರೇನಿನ ಕಾರ್ಖಾನೆಯಲ್ಲಿ ‘ಕೀವ್’ ಆಯಿತು. ಯೇನಾದಲ್ಲಿ ಉಳಿದವರು ಬರಿದಾದ ಕಟ್ಟಡಗಳಲ್ಲಿ ಮತ್ತೆ ಕೆಲಸ ಶುರು ಮಾಡಿದರು.

ಆಮೇಲಿನ ಕದನ ನಡೆದದ್ದು ನ್ಯಾಯಾಲಯಗಳಲ್ಲಿ. ಪಶ್ಚಿಮ ಜರ್ಮನಿಯ ತೀರ್ಪು ಓಬರ್‌ಕೋಹೆನ್ ಪರವಾಗಿತ್ತು. ಬ್ರಿಟನ್ನಿನಲ್ಲಿ ಪ್ರಕರಣ 1966ರಲ್ಲಿ ಹೌಸ್ ಆಫ್ ಲಾರ್ಡ್ಸ್‌ವರೆಗೂ ಹೋಯಿತು. ತಾನು ಮಾನ್ಯ ಮಾಡದ ಪೂರ್ವ ಜರ್ಮನಿಯ ಆಡಳಿತದ ಆದೇಶಗಳಿಗೆ ಬೆಲೆಯಿದೆಯೇ ಎಂಬುದನ್ನೂ ಅಲ್ಲಿ ಬಗೆಹರಿಸಬೇಕಾಯಿತು. ಹೆಸರು ಬಳಸುವಂತಿಲ್ಲದ ಮಾರುಕಟ್ಟೆಗಳಿಗೆ ಯೇನಾ ಕಳಿಸಿದ ಲೆನ್ಸುಗಳಲ್ಲಿ ಟೆಸ್ಸಾರ್ ‘ಟಿ’ ಆಯಿತು, ಬಯೋಟಾರ್ ‘ಬಿ’ ಆಯಿತು. ಅದೇ ಲೆನ್ಸು ತನ್ನ ದೇಶದಲ್ಲಿ ಪೂರ್ಣ ಹೆಸರಿನಿಂದಲೇ ಮಾರಾಟವಾಗುತ್ತಿತ್ತು.

ಇಲ್ಲೊಂದು ಎಚ್ಚರ ಬೇಕು. ಕೆಂಪು ಬಣ್ಣದ ‘ಟಿ’ಯ ಕತೆ ಬೇರೆ. 1935ರಲ್ಲಿ ಝೈಸ್‌ನ ಅಲೆಕ್ಸಾಂಡರ್ ಸ್ಮಾಕುಲಾ ಕಂಡುಹಿಡಿದ, ಗಾಜಿನ ಮೇಲೆ ಬೆಳಕಿನ ಪ್ರತಿಫಲನ ತಗ್ಗಿಸುವ ತೆಳು ಲೇಪನದ ಗುರುತು ಅದು. ಒಂದೇ ಅಕ್ಷರ ಒಮ್ಮೆ ವಿಜ್ಞಾನದ ಗೆಲುವನ್ನೂ ಇನ್ನೊಮ್ಮೆ ಕಳೆದುಕೊಂಡ ಹಕ್ಕನ್ನೂ ಹೇಳುತ್ತದೆ.

1971ರ ಲಂಡನ್ ಒಪ್ಪಂದ ಮಾರುಕಟ್ಟೆಗಳನ್ನು ಹಂಚಿಕೊಟ್ಟಿತು. ಜರ್ಮನಿ ಒಂದಾದ ಮೇಲೆ ಝೈಸ್ ಕೂಡ ಒಂದಾಯಿತು. ಆದರೂ ಸಂಗ್ರಾಹಕರ ನಡುವೆ ‘ಅಸಲಿ ಝೈಸ್ ಯಾವುದು?’ ಎಂಬ ಪ್ರಶ್ನೆ ಸತ್ತಿಲ್ಲ. ಆ ಪ್ರಶ್ನೆಯೇ ಸರಿಯಿಲ್ಲ ಎನ್ನುವುದು ನನ್ನ ವಾದ. ಲೆಕ್ಕಾಚಾರ ಬಲ್ಲವರು ಪಶ್ಚಿಮಕ್ಕೆ ಹೋದರು, ಯಂತ್ರಗಳು ಪೂರ್ವಕ್ಕೆ ಹೋದವು, ಗಾಜು ಉಜ್ಜುವ ಅನೇಕ ಕೈಗಳು ಇದ್ದಲ್ಲೇ ಉಳಿದವು. ಹೆಸರು ಯಾರದೆಂದು ನ್ಯಾಯಾಲಯ ಹೇಳಬಹುದು. ಕಸುಬು ಯಾರದೆಂದು ತಿಳಿಯಲು ಚರಿತ್ರೆಕಾರರು ಮೂರೂ ದಾರಿಗಳನ್ನು ಹಿಡಿದು ಹೋಗಬೇಕು.